ಗಡ್ಡದ ಕೋಳಿಯ ಬ್ಯಾಟರಿ

ಲಿಫ್ಟು ರಿಪೇರಿ ಮಾಡುವ ಅವನಿಗೆ ಯಾರು ಫೋನು ಮಾಡಿದರೂ ಅವನು ಮೊದಲು ಕೇಳುವುದು ಒಂದೇ ಮಾತು: "ಒಳಗೆ ಜನ ಇದ್ದಾರಾ?" ಇದ್ದಾರೆ ಅಂದರೆ ಊಟದ ತಟ್ಟೆ ಬಿಟ್ಟು ಎದ್ದ. ಇಲ್ಲ ಅಂದರೆ ಇನ್ನೊಂದು ತುತ್ತು ತಿಂದು ಎದ್ದ. ಹೋದವನು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಹೆದರಬೇಡಿ, ಬಂದೆ" ಅನ್ನಬೇಕು. ಆಮೇಲೆಯೇ ಸ್ಪ್ಯಾನರು. ಈ ಕಸುಬಿನಲ್ಲಿ ಅವನ ತಲೆ ಅರ್ಧ ನರೆತಿತ್ತು. ಹೊಸ ಸಾಮಾನು ಕಂಡರೆ ಕಣ್ಣರಳಿಸುವ ಚಪಲಕ್ಕೆ ಮಾತ್ರ ಇನ್ನೂ ಮೀಸೆಯೇ ಬಂದಿರಲಿಲ್ಲ.

ಆ ಶನಿವಾರ ಬ್ಯಾಟರಿ ಅಂಗಡಿಯ ಮೆಟ್ಟಿಲನ್ನು ಅವನು ಎರಡೆರಡಾಗಿ ಹತ್ತಿದ. ಹಿಂದೆ ಅವನ ಹೆಂಡತಿ, ಅವಳ ಹೆಗಲಲ್ಲಿ ಅರ್ಧ ಹೊಲಿದ ಒಂದು ಚೀಲ. ಅವಳದು ಚೀಲ ಹೊಲಿಯುವ ಕೆಲಸ. ಶಾಲೆಯ ಚೀಲ, ವಾದ್ಯದ ಚೀಲ, ಬಿಸಿ ಊಟ ಸಾಗಿಸುವವರ ದಪ್ಪ ಚೀಲ, ಏನು ಕೇಳಿದರೂ ಹೊಲಿಯುತ್ತಾಳೆ.

"ಮೆಲ್ಲಗೆ ರೀ, ಬ್ಯಾಟರಿಗೆ ಕಾಲಿಲ್ಲ, ಎಲ್ಲೂ ಓಡಿಹೋಗಲ್ಲ" ಅಂದಳು ಏದುಸಿರು ಬಿಡುತ್ತ.

ಅವನಿಗೆ ಕೇಳಿಸಿದ್ದರೆ ತಾನೇ. ವಾರದಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕಾರಣ ಹನ್ನೊಂದು ಮೊಟ್ಟೆ.

ಅವನ ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ಒಂದು ಜೋಡಿ ಕೋಳಿ ತಂದಿದ್ದಳು. ಮೈಯೆಲ್ಲ ಕಂದು, ಕೊಕ್ಕಿನ ಕೆಳಗೆ ಪುಕ್ಕದ ದಪ್ಪ ಗಡ್ಡ. ನ್ಯಾಯ ಹೇಳಲು ಕೂತ ಹಿರಿಯರಂತೆ ಅವು ಗಂಭೀರವಾಗಿ ಕತ್ತು ಆಡಿಸುತ್ತಿದ್ದವು. ಆಮೇಲೆ ಅಮ್ಮನ ತಾಯಿ ಹೋದಳು, ತವರುಮನೆ ಮಾರಿಹೋಯಿತು, ಅಣ್ಣತಮ್ಮಂದಿರು ದಿಕ್ಕಿಗೊಬ್ಬರಾದರು. ಆ ಕಡೆಯಿಂದ ಅಮ್ಮನಿಗೆ ಉಳಿದದ್ದು ಹಿತ್ತಲಲ್ಲಿ ಕೆದಕಿಕೊಂಡಿದ್ದ ಈ ಗಡ್ಡದ ಸಂತಾನ ಒಂದೇ. ಹೀಗಿರುವಾಗ ಒಂದು ಸಂಜೆ ಬೀದಿನಾಯಿಗಳು ಬೇಲಿ ಮುರಿದು ನುಗ್ಗಿ ಹಿತ್ತಲನ್ನೇ ಗುಡಿಸಿ ಹಾಕಿದವು. ಗೂಡಿನ ಒಳಮೂಲೆಯಲ್ಲಿ ಕಾವಿಗೆ ಕೂತಿದ್ದ ಮುದಿ ಹೇಂಟೆ ಮಾತ್ರ ಬದುಕಿತು. ಕೆಲವೇ ದಿನಕ್ಕೆ ಅದೂ ಒಂದು ಬೆಳಿಗ್ಗೆ ಕೂತಲ್ಲೇ ತಲೆ ವಾಲಿಸಿತ್ತು. ಅದರ ಹೊಟ್ಟೆಯ ಕೆಳಗಿನ ಮೊಟ್ಟೆಗಳು ಎಷ್ಟು ಹೊತ್ತಿನಿಂದ ತಣ್ಣಗಾಗಿದ್ದವೋ ಯಾರಿಗೂ ಗೊತ್ತಿಲ್ಲ.

ಅಮ್ಮ ಅಳಲಿಲ್ಲ. "ಮುಗೀತು ಬಿಡು. ಗುಂಡಿ ತೋಡಿ ಎಲ್ಲಾನೂ ಒಟ್ಟಿಗೆ ಹಾಕು" ಅಂದಳು.

ಮಗ ಮೊಟ್ಟೆಗಳನ್ನು ಅಂಗಿಯೊಳಗೆ ತುಂಬಿಕೊಂಡು ಒಳಗೆ ಓಡಿದ. "ಹೇಂಟೆ ಹೂಳ್ತೀನಿ. ಇವನ್ನ ಮುಟ್ಟಬೇಡ. ಒಳಗೆ ಜನ ಇರಬಹುದು!"

ಅಂದೇ ಥರ್ಮೋಕೋಲಿನ ಒಂದು ಪೆಟ್ಟಿಗೆ ಹುಡುಕಿದ. ಅಮ್ಮ ಮೊಣಕಾಲಿಗೆ ಸುತ್ತಿಕೊಳ್ಳುವ ವಿದ್ಯುತ್ತಿನ ಬಿಸಿ ಪಟ್ಟಿಯನ್ನು ಕೇಳದೆಯೇ ಬಿಚ್ಚಿ ಅದರ ತಳಕ್ಕೆ ಹಾಸಿದ. ಬಿಸಿ ಸಾಕಾದಾಗ ಪಟ್ಟಿಯನ್ನು ಆರಿಸಿ, ಕಡಿಮೆಯಾದಾಗ ಹೊತ್ತಿಸುವ ಪುಟ್ಟ ಸಾಧನ ಒಂದನ್ನು ಕೂರಿಸಿದ. ಪಟ್ಟಿ ಕಾಯುತ್ತಿದ್ದರೆ ಅದರಲ್ಲೊಂದು ಕೆಂಪು ದೀಪ ಉರಿಯುತ್ತಿತ್ತು, ಆರಿದರೆ ದೀಪವೂ ಆರುತ್ತಿತ್ತು. ತಂತಿಯನ್ನು ಫೋನಿನ ಚಾರ್ಜರಿನ ಮೂಲಕ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಮೊಟ್ಟೆಗಳನ್ನು ಒಳಗಿಟ್ಟು, ಕಾವಿನ ಪೆಟ್ಟಿಗೆ ಸಿದ್ಧ ಅಂತ ಊರಿಗೆಲ್ಲ ಹೇಳಿಕೊಂಡು ಬಂದ.

ಅಮ್ಮ ಮೂಗು ಮುರಿದಳು. "ನನ್ನ ಮೊಣಕಾಲು ನೋಯ್ತಿದೆ, ಕಲ್ಲುಗಳು ಬೆಚ್ಚಗಿವೆ." ಅಂದಿನಿಂದ ಅವಳ ಬಾಯಲ್ಲಿ ಅವು ಮೊಟ್ಟೆಗಳಲ್ಲ, ಕಲ್ಲುಗಳು. ಮಗ ಟಾರ್ಚು ಹಿಡಿದು ನೋಡಿದರೆ ಆ ದಪ್ಪ ಕಂದು ಚಿಪ್ಪಿನ ಒಳಗೆ ಏನೂ ಕಾಣಿಸಲಿಲ್ಲ. "ಕತ್ತಲೆ ಕಾಣ್ತಾ? ಕಲ್ಲಲ್ಲೂ ಅದೇ ಕಾಣೋದು" ಅಂದಳು. ಅವಳು ಆಸೆ ಇಟ್ಟುಕೊಳ್ಳಲು ಹೆದರುತ್ತಿದ್ದಾಳೆ ಅಂತ ಮಗನಿಗೂ ಸೊಸೆಗೂ ಗೊತ್ತಿತ್ತು. 

ಅಷ್ಟರಲ್ಲಿ ಕಂಪನಿಯವರು ಅವನನ್ನು ಬೆಟ್ಟದ ಆಚೆಯ ಪಟ್ಟಣಕ್ಕೆ ವರ್ಗ ಮಾಡಿದರು. ಇರಲು ಕಂಪನಿಯದೇ ಮನೆ, ಕೊನೆಯ ಮಹಡಿ, ಮೇಲೆ ತಾರಸಿ. ಈಗಿನ ಮನೆಯ ಬೀಗದ ಕೈ ಕೊಡುವ ದಿನ ಗೊತ್ತಾಗಿತ್ತು, ಅದನ್ನು ಹಿಂದೆ ಮುಂದೆ ಮಾಡುವ ಹಾಗಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಮೊಟ್ಟೆ ಒಡೆಯಬೇಕಾದದ್ದು ಅದರ ಮರುದಿನ. ವ್ಯಾನಿನಲ್ಲಿ ಇಡೀ ಹಗಲಿನ ದಾರಿ. ಗೋಡೆಯ ಪ್ಲಗ್ಗು ಜೊತೆಗೆ ಬರುವುದಿಲ್ಲ. ವ್ಯಾನಿನಲ್ಲಿ ಚಾರ್ಜು ಮಾಡುವ ತೂತು ಇದೆಯಾ ಅಂತ ಕೇಳಿದ್ದಕ್ಕೆ ಡ್ರೈವರು, "ಇದೆ, ಆದ್ರೆ ಸುಟ್ಟು ಎಷ್ಟೋ ಕಾಲ ಆಯ್ತು" ಅಂದಿದ್ದ.

ಅಂತೂ ಪೆಟ್ಟಿಗೆಗೆ ಬ್ಯಾಟರಿ ಬೇಕು. ಅದನ್ನು ಆರಿಸಲು ಇವನು ಹೀಗೆ ಮೆಟ್ಟಿಲು ಹಾರುತ್ತಿದ್ದ.

ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿ, "ಯಾವುದಕ್ಕೆ ಬೇಕು?" ಅಂದಳು.

"ಪ್ರಯಾಣಿಕರಿಗೆ. ಹನ್ನೊಂದು ಜನ" ಅಂದ ಇವನು.

ಹೆಂಡತಿ ಅವನನ್ನು ಮೊಣಕೈಯಿಂದ ತಿವಿದು ನಿಜ ಸಂಗತಿ ಹೇಳಿದಳು. ಅಂಗಡಿಯಾಕೆಗೆ ನಗು ಬಂತು, ಜೊತೆಗೆ ಉತ್ಸಾಹವೂ ಬಂತು. ಬೆಳಗಿನಿಂದ ಗಡಿಯಾರದ ಸೆಲ್ಲು ಕೇಳುವವರನ್ನೇ ನೋಡಿ ಅವಳಿಗೂ ಬೇಜಾರಾಗಿತ್ತೇನೋ. ಕೌಂಟರಿನ ಮೇಲಿದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿ ಒಂದೊಂದಾಗಿ ತಂದಿಟ್ಟಳು.

ಮೊದಲು ಇವನ ಕಣ್ಣು ಹೋದದ್ದು ಕಪ್ಪು ಡಬ್ಬದಂಥ ಸೀಸದ ಬ್ಯಾಟರಿಯ ಮೇಲೆ. ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸುವುದು ಅಂಥದೇ ಬ್ಯಾಟರಿ. ಹಳೇ ಸ್ನೇಹಿತನನ್ನು ಕಂಡವನಂತೆ ಎತ್ತಿಕೊಂಡ. "ಇದಾದ್ರೆ ನಂಬಬಹುದು!"

"ಇಷ್ಟು ಭಾರದ್ದನ್ನ ಇಟ್ಕೊಂಡು ಅತ್ತೆ ತೊಡೆ ಮೇಲೆ ಮೊಟ್ಟೆ ಇಡ್ತೀರಾ? ಊರು ಮುಟ್ಟೋವಾಗ ಮೊಟ್ಟೆ ಇರುತ್ತೆ, ತೊಡೆ ಇರಲ್ಲ" ಅಂದಳು ಹೆಂಡತಿ.

ಒಲ್ಲದ ಮನಸ್ಸಿನಿಂದ ಕೆಳಗಿಟ್ಟ. ಉಳಿದದ್ದು ಎರಡು. ಒಂದು, ನೀಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಉದ್ದನೆಯ ಪ್ಯಾಕು. ಒಳಗೆ ಸಾಲಾಗಿ ಸೆಲ್ಲುಗಳು, ಹೊರಗೆ ಎರಡು ತಂತಿ, ಅಷ್ಟೇ. ದೀಪವಿಲ್ಲ, ಗುಂಡಿಯಿಲ್ಲ. "ಇದು ದಡ್ಡ. ಕೊಡು ಅಂದ್ರೆ ಕೊಡ್ತಾ ಇರುತ್ತೆ, ಅಷ್ಟೇ ಗೊತ್ತು" ಅಂದಳು ಅಂಗಡಿಯಾಕೆ. ಇನ್ನೊಂದು ಪವರ್ ಬ್ಯಾಂಕು. ನುಣ್ಣನೆಯ ಬೂದು ಮೈ, ನಾಲ್ಕು ನೀಲಿ ದೀಪ, ಎರಡು ಕಡೆ ತಂತಿ ಸಿಕ್ಕಿಸುವ ಜಾಗ. "ಇದು ಜಾಣ. ಯಾರಾದ್ರೂ ಕರೆಂಟು ಕೇಳ್ತಿದ್ರೆ ಎದ್ದಿರುತ್ತೆ. ಯಾರೂ ಕೇಳದಿದ್ರೆ ಸ್ವಲ್ಪ ಹೊತ್ತು ನೋಡಿ ತಾನೇ ಮಲಗುತ್ತೆ. ಒಂದು ಹನಿ ವೇಸ್ಟು ಮಾಡಲ್ಲ."

"ಆಹಾ!" ಅಂದ ಇವನು. ಗುಂಡಿ ಒತ್ತಿದ, ದೀಪ ಹೊತ್ತಿತು. ಇನ್ನೊಮ್ಮೆ ಒತ್ತಿದ.

ಎಷ್ಟು ದೊಡ್ಡದು ಬೇಕು ಅನ್ನುವುದಕ್ಕೆ ಅವನದು ಲಿಫ್ಟಿನವರ ಲೆಕ್ಕ. ಒಂದು ಹಗ್ಗ ಸಾಕಾದ ಕಡೆ ಅವರು ಹಲವು ಹಗ್ಗ ಕಟ್ಟುತ್ತಾರೆ. ಪಟ್ಟಿ ಒಂದು ಕ್ಷಣವೂ ಆರದೆ ಇಡೀ ದಿನ ಉರಿದರೆ ಎಷ್ಟು ಬೇಕೋ ಅಷ್ಟನ್ನು ಹಿಡಿದ, ದಾರಿಯಲ್ಲಿ ಟೈರು ಪಂಚರಾದರೆ ಅಂತ ಇನ್ನಷ್ಟು ಸೇರಿಸಿದ. ಮೇಲೆ ಬರೆದಷ್ಟೂ ಶಕ್ತಿ ಕೈಗೆ ಸಿಗುವುದಿಲ್ಲ, ಮೂರರಲ್ಲಿ ಎರಡು ಪಾಲು ಅಂತ ಇಟ್ಟುಕೊಳ್ಳಿ ಅಂತ ಅಂಗಡಿಯಾಕೆ ಎಚ್ಚರಿಸಿದ್ದಕ್ಕೆ ಅದನ್ನೂ ಸೇರಿಸಿದ. ಕೊನೆಗೆ ಅವಳ ಹತ್ತಿರ ಇದ್ದ ಅತಿ ದೊಡ್ಡ ಪವರ್ ಬ್ಯಾಂಕೇ ಸರಿಹೊಂದಿತು.

ಆದರೂ ದಡ್ಡ ಪ್ಯಾಕಿನ ಮೇಲೆ ಅವನಿಗೊಂದಿಷ್ಟು ಮನಸ್ಸಿತ್ತು. ಅದನ್ನು ತೀರ್ಮಾನ ಮಾಡಿದ್ದು ಪೆಟ್ಟಿಗೆ ಹೊರಲು ಹೆಂಡತಿ ಹೊಲಿಯುತ್ತಿದ್ದ ಚೀಲ. ಅವನು ಊಹೆಯ ಮೇಲೆ ಬರೆದುಕೊಟ್ಟ ಅಳತೆಗೆ ಅವಳು ಬ್ಯಾಟರಿಯ ಜೇಬನ್ನು ಆಗಲೇ ಹೊಲಿದಾಗಿತ್ತು. ನೀಲಿ ಪ್ಯಾಕು ಅರ್ಧ ಹೊರಗೆ ನಿಂತಿತು. ಬೂದು ಪವರ್ ಬ್ಯಾಂಕು ಸರಕ್ಕನೆ ಒಳಗೆ ಹೋಯಿತು.

"ನೋಡಿ, ಜೇಬೇ ಆರಿಸಿಬಿಡ್ತು" ಅಂದಳು ಹೆಂಡತಿ ಹೆಮ್ಮೆಯಿಂದ.

ಆ ಚೀಲವನ್ನು ಅವಳು ಜೀವ ತೇಯ್ದು ಹೊಲಿದಿದ್ದಳು. ಹೊರಗೆ ಗಟ್ಟಿ ಬಟ್ಟೆ, ನಡುವೆ ಹತ್ತಿ, ಒಳಗೆ ಬಿಸಿ ಊಟದ ಚೀಲಕ್ಕೆ ಹಾಕುವ ಬೆಳ್ಳಿ ಹಾಳೆ, ಗಾಳಿಗೆ ಎರಡು ಪುಟ್ಟ ಕಿಟಕಿ. ಒಂದು ಪಕ್ಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕು ಹೊಲಿದು, ಪೆಟ್ಟಿಗೆಯ ಹೊರಮೈಗೆ ಕೂರಿಸಿದ ಉಷ್ಣಮಾಪಕದ ಅಂಕಿಯೂ ಕೆಂಪು ದೀಪವೂ ಹೊರಗಿನಿಂದಲೇ ಕಾಣುವಂತೆ ಮಾಡಿದ್ದಳು.

ಭಾನುವಾರ ಪರೀಕ್ಷೆ. ಲಿಫ್ಟಿಗೆ ಮೊದಲೇ ಜನ ಹತ್ತಿಸಿ ಪರೀಕ್ಷೆ ಮಾಡುವುದಿಲ್ಲ, ಜನರ ತೂಕದ ಕಬ್ಬಿಣದ ಗಟ್ಟಿಗಳನ್ನು ಇಟ್ಟು ಮೇಲೆ ಕೆಳಗೆ ಓಡಿಸುತ್ತಾರೆ. ಅವನು ಅದನ್ನೇ ಮಾಡಿದ. ಅಮ್ಮನ ಮೊಟ್ಟೆಗಳು ಗೋಡೆಯ ಪ್ಲಗ್ಗಿನ ಬಿಸಿಯಲ್ಲೇ ಇರಲಿ ಅಂತ ಅವನ್ನು ಅಲ್ಲೇ ಬಿಟ್ಟು, ಎರಡನೇ ಪೆಟ್ಟಿಗೆಯೊಂದನ್ನು ಅದೇ ರೀತಿ ಸಜ್ಜು ಮಾಡಿ, ಅಂಗಡಿಯಿಂದ ತಂದ ಹನ್ನೊಂದು ಮೊಟ್ಟೆ ತುಂಬಿ, ಚೀಲಕ್ಕೆ ಇಳಿಸಿ, ಬಾಲ್ಕನಿಯ ಥಂಡಿ ಗಾಳಿಗೆ ಇಟ್ಟ. ಕೆಂಪು ದೀಪ ಹೊತ್ತಿತು, ಆರಿತು, ಹೊತ್ತಿತು, ಆರಿತು. ಅಂಕಿ ಕಾವಿಗೆ ಬೇಕಾದ ಮೂವತ್ತೇಳೂವರೆ ಡಿಗ್ರಿ ಬಿಟ್ಟು ಅಲ್ಲಾಡಲಿಲ್ಲ. ಸಂಜೆಯಾದರೂ ಬ್ಯಾಟರಿಯ ನಾಲ್ಕು ದೀಪದಲ್ಲಿ ಎರಡು ಹಾಗೇ ಇದ್ದವು. ಅವನು ಬಾಲ್ಕನಿಯಲ್ಲೇ ಒಂದು ಕುಣಿತ ಕುಣಿದ, ಎದುರು ಮನೆಯವರು ಪರದೆ ಎಳೆದುಕೊಂಡರು.

"ಪಾಸು! ಅಮ್ಮಾ, ಫುಲ್ಲು ಪಾಸು!"

"ಅವು ಅಂಗಡಿ ಮೊಟ್ಟೆ" ಅಂದಳು ಅಮ್ಮ, ತಿರುಗಿಯೂ ನೋಡದೆ.

"ಮೊಟ್ಟೆಗೆ ಮೊಟ್ಟೆ ತಾನೇ? ತೂಕ ಒಂದೇ, ಗಾತ್ರ ಒಂದೇ."

"ನಿನ್ನ ಲಿಫ್ಟಿನ ಲೆಕ್ಕ ನನಗೆ ಹೇಳಬೇಡ."

ಹೇಳಿದರೂ ಅವಳಿಗೆ ಹಿಡಿಸುವಂತಿರಲಿಲ್ಲ. ಮಗ ಇಷ್ಟು ವರ್ಷ ಲಿಫ್ಟಿನ ಅನ್ನ ತಿಂದರೂ ಅಮ್ಮ ಈವರೆಗೆ ಒಂದು ಲಿಫ್ಟಿಗೂ ಕಾಲಿಟ್ಟವಳಲ್ಲ. "ನೀನು ದಿನಾ ರಿಪೇರಿಗೆ ಹೋಗ್ತೀಯ ಅಂದ್ರೆ ಅದು ದಿನಾ ಕೆಡುತ್ತೆ ಅಂತ ತಾನೇ?" ಅನ್ನುವುದು ಅವಳ ವಾದ. 

ಹೊರಡುವ ದಿನ ಬೆಳಿಗ್ಗೆ ಮಂಚ, ಬೀರು, ಹೊಲಿಗೆ ಮಷಿನ್ನು, ಪಾತ್ರೆಯ ಮೂಟೆ ಎಲ್ಲ ವ್ಯಾನಿನ ಹಿಂಭಾಗ ಸೇರಿದವು. ಡ್ರೈವರಿನ ಪಕ್ಕ ಇವನು, ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ. ಚೀಲ ಮೊದಲೇ ಅಂದುಕೊಂಡಂತೆ ಅಮ್ಮನ ತೊಡೆಗೆ ಬಂತು. ಅವಳು ಎರಡೂ ಕೈಯಿಂದ ಬಳಸಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು.

"ಮೂವತ್ತೇಳೂವರೆ" ಅಂತ ಸೊಸೆ ಒಂದೊಂದು ತಿರುವಿಗೂ ಸಾರುತ್ತಿದ್ದಳು. ಪ್ರತಿ ಸಲವೂ ಇವನು ಡ್ರೈವರಿನ ಹೆಗಲು ತಟ್ಟುತ್ತಿದ್ದ, ಗಾಡಿ ಓಡಿಸುತ್ತಿರುವುದು ಬ್ಯಾಟರಿಯೇ ಅನ್ನುವ ಹಾಗೆ. ಬಯಲು ದಾಟಿತು. ಬೆಟ್ಟದ ಏರು ಶುರುವಾಯಿತು, ಕಿಟಕಿಯ ಗಾಜಿಗೆ ಚಳಿ ಹತ್ತಿತು.

"ಮೂವತ್ತೇಳು" ಅಂದಳು ಸೊಸೆ.

ಇವನು ಹಿಂತಿರುಗಿದ. "ಏನಂದೆ?"

"ಮೂವತ್ತಾರೂವರೆ... ರೀ, ಬ್ಯಾಟರಿ ದೀಪ ಆರಿದೆ!"

ಅವನು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಬಾಗಿ ಜೇಬಿನಲ್ಲಿದ್ದ ಪವರ್ ಬ್ಯಾಂಕಿನ ಗುಂಡಿ ಒತ್ತಿದ. ನಾಲ್ಕು ದೀಪವೂ ಝಗ್ಗನೆ ಹೊತ್ತಿದವು. ಹೊಟ್ಟೆ ತುಂಬಾ ಚಾರ್ಜಿದೆ! ಪಟ್ಟಿಯ ಕೆಂಪು ದೀಪವೂ ಬಂತು, ಅಂಕಿ ನಿಧಾನವಾಗಿ ಮೇಲೇರಿತು.  ನಾಲ್ಕು ತಿರುವು ದಾಟುವಷ್ಟರಲ್ಲಿ ಮತ್ತೆ ಬ್ಯಾಟರಿ ಕಣ್ಣು ಮುಚ್ಚಿತು.

"ನಿಲ್ಲಿಸಪ್ಪಾ, ಗಾಡಿ ನಿಲ್ಲಿಸು!"

ರಸ್ತೆ ಬದಿಯಲ್ಲಿ, ಮುಚ್ಚಿದ ಒಂದು ಟೈರು ಅಂಗಡಿಯ ಮುಂದೆ ವ್ಯಾನು ನಿಂತಿತು. ಇವನು ಹತ್ಯಾರದ ಚೀಲ ಸುರಿದು ಮೀಟರು ತೆಗೆದ. ತಂತಿ ಸರಿಯಿದೆ, ಬೆಸುಗೆ ಸರಿಯಿದೆ, ಪಟ್ಟಿ ಸರಿಯಿದೆ. ಗುಂಡಿ ಒತ್ತಿದರೆ ಏಳುತ್ತದೆ, ಬಿಟ್ಟರೆ ಮಲಗುತ್ತದೆ.  

"ಭಾನುವಾರ ಇಡೀ ದಿನ ನಡೀತಲ್ಲ! ಇವತ್ತೇನು ರೋಗ ಇದಕ್ಕೆ?"

  ಚೀಲವನ್ನು ಹಿಡಿದಿದ್ದ ಅಮ್ಮನ ಬೆರಳುಗಳು ಬಿಳುಚಿಕೊಂಡಿದ್ದವು. ಕಲ್ಲು ಅನ್ನುವವಳು ಹಾಗೆ ಹಿಡಿಯುವುದಿಲ್ಲ.

ಹೆಂಡತಿ ಮಾತ್ರ ಕಿಟಕಿಯ ಪ್ಲಾಸ್ಟಿಕ್ಕಿಗೆ ಮುಖ ಆನಿಸಿ ನೋಡುತ್ತಲೇ ಇದ್ದಳು. ಹೊಲಿಗೆ ಎಲ್ಲಿ ಬಿಡುತ್ತದೆ ಅಂತ ಹುಡುಕುವ ಕಣ್ಣು ಅವಳದು. "ರೀ, ಸುಮ್ಮನೆ ಬೈಬೇಡಿ, ಇಲ್ಲಿ ನೋಡಿ. ಮೊದಲು ಆರೋದು ಕೆಂಪು ದೀಪ. ಬಿಸಿ ಸಾಕು ಅಂತ ಪಟ್ಟಿ ನಿಲ್ಲುತ್ತೆ. ಅದಾದ ಮೇಲೆ ಸ್ವಲ್ಪ ಹೊತ್ತಿಗೆ ಬ್ಯಾಟರಿ ಮಲಗೋದು."

ಅವನು ಮೀಟರನ್ನು ಕೆಳಗಿಟ್ಟ. ಅಂಗಡಿಯಾಕೆಯ ಮಾತು ಕಿವಿಯಲ್ಲಿ ಮೊಳಗಿತು. ಯಾರೂ ಕೇಳದಿದ್ದರೆ ಸ್ವಲ್ಪ ಹೊತ್ತು ನೋಡಿ ತಾನೇ ಮಲಗುತ್ತೆ. ಪಟ್ಟಿ ಆರಿದಾಗ ಈ ಜಾಣ ಬ್ಯಾಟರಿ ತನ್ನ ಕೆಲಸ ಮುಗಿಯಿತು ಅಂದುಕೊಂಡು ಹೊದ್ದು ಮಲಗುತ್ತಿದೆ. ಆಮೇಲೆ ಪೆಟ್ಟಿಗೆ ತಣ್ಣಗಾಗಿ ಬಿಸಿ ಕೇಳಿದರೂ ಇದಕ್ಕೆ ಎಚ್ಚರವಿಲ್ಲ.

"ಹೌದು ಕಣೇ! ಅದೇ! ಆದ್ರೆ ಭಾನುವಾರ ಯಾಕೆ ಮಲಗಲಿಲ್ಲ?"

"ಭಾನುವಾರ ಕೆಂಪು ದೀಪ ಬೇಗ ಬೇಗ ಬರ್ತಿತ್ತು. ಇದಕ್ಕೆ ನಿದ್ದೆ ಹತ್ತೋಕೆ ಪುರುಸೊತ್ತೇ ಸಿಗಲಿಲ್ಲ. ಇವತ್ತು ಬಯಲಲ್ಲೂ ಮಲಗಿತ್ತೇನೋ, ಸೆಕೆಗೆ ಅಂಕಿ ಇಳಿದಿರಲಿಲ್ಲ ಅಷ್ಟೇ. ಪಟ್ಟಿ ಒಂದು ಸಲ ಆರಿದ್ರೆ ಎಷ್ಟು ಹೊತ್ತಾದ್ರೂ ಬಿಸಿ ಕೇಳ್ತಾನೇ ಇಲ್ಲ."

"ಅದು ಹೇಗೆ? ಇಲ್ಲಿ ಚಳಿ ಜಾಸ್ತಿ. ಬೇಗ ಕೇಳಬೇಕು!" ಅವನು ಬೆರಳು ಮಡಚಿದ. "ಚೀಲ ಅದೇ. ಪಟ್ಟಿ ಅಂಥದೇ. ಪೆಟ್ಟಿಗೆ ಅಂಥದೇ. ಬದಲಾಗಿದ್ದು ಏನು?"

"ಮೊಟ್ಟೆ" ಅಂದಳು ಹೆಂಡತಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಮ್ಮ ಬಾಯಿ ಬಿಟ್ಟಳು. ಅವಳು ಇವರಿಗೆ ಹೇಳುತ್ತಿರುವಂತೆ ಕಾಣಲಿಲ್ಲ, ಚೀಲದ ಜೊತೆಯೇ ಮಾತಾಡುತ್ತಿರುವಂತಿತ್ತು.

"ಕೊನೆ ದಿನಗಳಲ್ಲಿ ಹೇಂಟೆ ಅಮುಕಿಕೊಂಡು ಕೂರಲ್ಲ. ಮೈ ಎತ್ತಿ, ರೆಕ್ಕೆ ಸಡಿಲ ಬಿಟ್ಟು ಕೂರುತ್ತೆ. ಕೆಳಗೆ ಕೈ ಹಾಕಿದ್ರೆ ಬಿಸಿ ಹೊಡೆಯುತ್ತೆ. ನಮ್ಮಮ್ಮ ತೋರಿಸ್ತಿದ್ದಳು. ಕೆಟ್ಟ ಮೊಟ್ಟೆ ಕೈಗೆ ತಣ್ಣಗೆ ಹತ್ತುತ್ತೆ, ಮರಿ ಇರೋ ಮೊಟ್ಟೆ ತಾನೇ ಕಾಯ್ತಿರುತ್ತೆ. ಮರಿ ದೊಡ್ಡದಾದ ಹಾಗೆ ಅದರ ಮೈ ಬಿಸಿನೇ..."

ಅಲ್ಲಿಗೆ ಅವಳ ಮಾತು ನಿಂತಿತು. ತಾನು ಏನು ಹೇಳುತ್ತಿದ್ದೇನೆ ಅಂತ ಅವಳಿಗೇ ಆಗ ತಿಳಿದಂತಿತ್ತು. ಬಾಯಿ ತೆರೆದೇ ಇತ್ತು.

ಮಗ ಟೈರು ಅಂಗಡಿಯ ಮುಂದೆ, ಚಳಿಗಾಳಿಯಲ್ಲಿ, ಸ್ಪ್ಯಾನರು ಹಿಡಿದ ಕೈ ಮೇಲೆತ್ತಿ ಕೂಗಿದ. "ಒಳಗಿನವರೇ ಕಾಯಿಸ್ತಿದ್ದಾರೆ! ಭಾನುವಾರ ಇದ್ದದ್ದು ಬರೀ ತೂಕ. ಇವತ್ತು ಒಳಗೆ ಜೀವ ಇದೆ, ಅದಕ್ಕೇ ಪಟ್ಟಿಗೆ ಕೆಲಸ ಇಲ್ಲ, ಅದಕ್ಕೇ ಈ ಕಳ್ಳ ಮಲಗಿದ್ದು!" ಡ್ರೈವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ, ಅವನೂ ಹಾರನ್ನು ಒತ್ತಿ ಒತ್ತಿ ಸಂತೋಷ ಪಟ್ಟ. ಹೆಂಡತಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಕುಣಿದದ್ದು ಸಾಕು. ಮೂವತ್ತಾರಕ್ಕೆ ಬಂತು" ಅಂದಳು ಅಮ್ಮ ಗಡುಸಾಗಿ. "ಅವರ ಬಿಸಿ ಒಂದೇ ಸಾಲಲ್ಲ. ಅದನ್ನ ಎಬ್ಬಿಸಿ ಕೂರಿಸೋ ದಾರಿ ನೋಡು."

ನಿಜವೇ. ಇಡೀ ದಾರಿ ಗುಂಡಿ ಒತ್ತುತ್ತ ಕೂರಬಹುದಿತ್ತು, ಯಾವಾಗಲೋ ಒಮ್ಮೆ ಕಣ್ಣು ತಪ್ಪಿದರೆ ಕತೆ ಮುಗಿಯಿತು. ಬ್ಯಾಟರಿಯನ್ನು ಸದಾ ಯಾರಾದರೂ ಏನಾದರೂ ಕೇಳುತ್ತಲೇ ಇರಬೇಕು. ಎರಡನೇ ತೂತು ಖಾಲಿ ಇತ್ತು. ಅವನ ದೃಷ್ಟಿ ಹೆಂಡತಿಯ ಫೋನಿನ ಮೇಲೆ ಬಿತ್ತು. ಆ ಫೋನಿನಲ್ಲಿ ಎಂದೂ ಚಾರ್ಜು ಇದ್ದದ್ದಿಲ್ಲ. ಮದುವೆಯಾದಂದಿನಿಂದ ಅವರಿಬ್ಬರ ಜಗಳಗಳಲ್ಲಿ ಅರ್ಧ ಆ ಫೋನಿನದೇ.

"ಎಷ್ಟಿದೆ ಚಾರ್ಜು?"

"ಸತ್ತಿದೆ" ಅಂದಳು ಅವಳು ತಲೆ ತಗ್ಗಿಸಿ.

"ನನ್ನ ಬಂಗಾರ!" ಅಂದ ಅವನು. ಇದೇ ಉತ್ತರಕ್ಕೆ ಅವನು ಹೀಗೆ ಅಂದದ್ದು ಅದೇ ಮೊದಲು.

ಸತ್ತ ಫೋನನ್ನು ಬ್ಯಾಟರಿಗೆ ಸಿಕ್ಕಿಸಿದರು. ಅದು ವರ್ಷಗಳ ಬಾಯಾರಿಕೆಯಿಂದ ಹೀರತೊಡಗಿತು. ಅಂಕಿ ಮೇಲೇರಿ ಕೆಂಪು ದೀಪ ಆರಿತು. ಎಲ್ಲರೂ ಕಾದರು. ನೀಲಿ ದೀಪಗಳು ಮಿಟುಕದೆ ನಿಂತೇ ಇದ್ದವು. ತುಂಬಾ ಹೊತ್ತಿನ ಮೇಲೆ ಕೆಂಪು ತಾನಾಗಿಯೇ ಹೊತ್ತಿತು.

ವ್ಯಾನು ಹೊರಟಿತು. ಅಲ್ಲಿಂದ ಮುಂದೆ ನಡೆದದ್ದು ಒಂದು ದೊಡ್ಡ ಗಲಾಟೆ. ಹೆಂಡತಿಯ ಫೋನು ತುಂಬಿದರೆ ಡ್ರೈವರಿನ ಫೋನು, ಗಾಡಿಯ ತೂತು ಸುಟ್ಟಿದ್ದರಿಂದ ಅದೂ ಅರೆಜೀವವಾಗಿತ್ತು. ಅದು ತುಂಬುವುದರೊಳಗೆ ಇವನ ಫೋನನ್ನು ಖಾಲಿ ಮಾಡಬೇಕು. ಅಮ್ಮನ ಫೋನಂತೂ ಯಾವಾಗಲೂ ತುಂಬಿ ತುಳುಕುತ್ತಿತ್ತು, ಏಕೆಂದರೆ ಅವಳು ಅದನ್ನು ಮುಟ್ಟುವುದೇ ಅಪರೂಪ.

"ಅಮ್ಮ, ವಿಡಿಯೋ ನೋಡು. ಜೋರಾಗಿ ನೋಡು. ಟಾರ್ಚೂ ಹಾಕು."

"ಹಾಳು ಫೋನು ನೋಡಬೇಡ ಅಂತ ನಿಮಗೆ ಹೇಳೋಳು ನಾನು. ನಾನು ನೋಡಲಾ?"

"ನಿನ್ನ ಮರಿಗಳಿಗೋಸ್ಕರ ಕಣಮ್ಮಾ!"

ಅಮ್ಮ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫೋನು ಹಿಡಿದು ಯಾರೋ ಯಾವುದೋ ಗೋಡೆಗೆ ಬಣ್ಣ ಬಳಿಯುವ ವಿಡಿಯೋ ನೋಡಿದಳು. ಆಮೇಲೆ ಇಬ್ಬರು ಹೆಂಗಸರು ಜಗಳವಾಡುವ ವಿಡಿಯೋ ನೋಡಿ, ತಪ್ಪು ಯಾರದು ಅಂತ ಸೊಸೆಯ ಜೊತೆ ವಾದಕ್ಕೇ ಇಳಿದಳು. ವ್ಯಾನಿನ ತುಂಬ ಸದ್ದು, ಬೆಳಕು. ನಡುವೆ ಸೊಸೆಯ ಕೂಗು. "ಮೂವತ್ತೇಳೂವರೆ! ಮೂವತ್ತೇಳೂವರೆ!" ಇವನು ಪ್ರತಿ ಸಲವೂ ಡ್ರೈವರಿನ ಹೆಗಲು ತಟ್ಟಿದ. ಬೆಟ್ಟ ಹತ್ತಿ ಇಳಿದು ಪಟ್ಟಣ ಮುಟ್ಟಿದರೂ ಬ್ಯಾಟರಿಯಲ್ಲಿ ಇನ್ನೂ ಒಂದು ದೀಪ ಉಳಿದಿತ್ತು. ಲಿಫ್ಟಿನವರ ಲೆಕ್ಕ ಅಷ್ಟರ ಮಟ್ಟಿಗೆ ಮಾನ ಉಳಿಸಿತು.

ಹೊಸ ಮನೆಯ ಕಟ್ಟಡದ ಮುಂದೆ ಇಳಿದಾಗ ಹೊತ್ತು ಇಳಿಯುತ್ತಿತ್ತು. ಒಳಗೆ ಹೋದರೆ ಎಡಕ್ಕೆ ಕಡಿದಾದ ಮೆಟ್ಟಿಲು, ಬಲಕ್ಕೆ ಲಿಫ್ಟು. ಅಮ್ಮ ಎಂದಿನ ಹಾಗೆ ಮೆಟ್ಟಿಲ ಕಡೆ ತಿರುಗಿದಳು. ಒಂದು ಮೆಟ್ಟಿಲು ಹತ್ತಿದಳು, ಮೊಣಕಾಲು ಚುಳುಕ್ಕೆಂದಿತು, ಎದೆಗವಚಿದ ಚೀಲ ಕುಲುಕಿತು. ಅವಳು ಅಲ್ಲೇ ನಿಂತಳು.

"ಕುಲುಕಬಾರದು ಅಲ್ಲವೇನೋ?"

"ಕುಲುಕಬಾರದು ಅಮ್ಮ. ಕೊಡು, ನಾನು ತರ್ತೀನಿ."

"ನಾನು ಕೊಡಲ್ಲ." ಅವಳು ಲಿಫ್ಟನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಗನ ಮುಖ ನೋಡಿದಳು. "ಇದು ನೀನು ನೋಡಿಕೊಳ್ಳೋ ಲಿಫ್ಟೇನಾ?"

"ನಾಳೆಯಿಂದ ನಾನೇ."

"ಹಾಗಾದ್ರೆ ಇವತ್ತು ಕೆಡಬಾರದು ಅಂತ ಹೇಳು ಅದಕ್ಕೆ" ಅಂದವಳೇ ಕಣ್ಣು ಮುಚ್ಚಿ ಒಳಗೆ ಕಾಲಿಟ್ಟಳು.

ಬಾಗಿಲು ಮುಚ್ಚಿತು. ಬೀದಿಯ ಸದ್ದು, ವ್ಯಾನಿನ ಸದ್ದು, ಫೋನುಗಳ ಸದ್ದು ಎಲ್ಲ ಹೊರಗೇ ಉಳಿಯಿತು.  ಲಿಫ್ಟು ಮೇಲೇರುತ್ತಿತ್ತು. ಅವನು ಅಮ್ಮನ ಮುಖವನ್ನೇ ನೋಡುತ್ತಿದ್ದ, ಅದಕ್ಕೇ ಅವಳ ಹುಬ್ಬು ಮೊದಲು ಅಲುಗಿದ್ದು ಅವನಿಗೆ ಕಾಣಿಸಿತು.

ಚೀಲದಿಂದ ಒಂದು ಸದ್ದು ಬಂತು. ತೆಳ್ಳಗೆ, ದೂರದಿಂದ ಬಂದ ಹಾಗೆ. ಕೀಂ ಅಂತ ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಅದಕ್ಕೆ ಉತ್ತರ ಕೊಟ್ಟಂತೆ ಪೆಟ್ಟಿಗೆಯ ಇನ್ನೊಂದು ಮೂಲೆಯಿಂದ ಮತ್ತೊಂದು ದನಿ. ಹೆಂಡತಿ ಅವನ ತೋಳನ್ನು ಉಗುರು ಊರುವಂತೆ ಹಿಡಿದಳು. ಚಿಪ್ಪಿನ ಒಳಗಿಂದಲೇ ಮರಿಗಳು ಮಾತಾಡುತ್ತವೆ ಅಂತ ಅಮ್ಮ ಹಿಂದೆ ಎಂದೋ ಹೇಳಿದ್ದಳು. ಅವನು ಅದನ್ನು ಕೇಳಿಸಿಕೊಂಡದ್ದು ಅಂದೇ ಮೊದಲು. 

ಕಲ್ಲು ಅಂತ ಕರೆಯುತ್ತಿದ್ದ ಅಮ್ಮನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಒಂದು ಕೈಯಿಂದ ಚೀಲವನ್ನು ಇನ್ನೂ ಹತ್ತಿರಕ್ಕೆ ಒತ್ತಿಕೊಂಡಳು. ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಪೆಟ್ಟಿಗೆಯನ್ನು ಮೆಲ್ಲಗೆ, ಥೇಟು ಮಗ ಲಿಫ್ಟಿನ ಬಾಗಿಲು ತಟ್ಟುವ ಹಾಗೆ, ಎರಡು ಸಲ ತಟ್ಟಿದಳು.

"ಹೆದರಬೇಡಿ, ಬಂದ್ವಿ" ಅಂದಳು.